ಪ್ರೆಸ್‌ನಲ್ಲಿ ಕೈಗೆ ಪೆಟ್ಟಾದ ಆಪರೇಟರ್‌ನ ಮತ್ತೆ ಕೆಲಸಕ್ಕೆ ತರೋಕೆ ನನಗೆ ಏನೇನು ಗೊತ್ತಿರಬೇಕು?

ಪೀಣ್ಯ_ಪರ್ಸನಲ್

ನಮ್ಮದು ಶೀಟ್ ಮೆಟಲ್ ಘಟಕ, ತೊಂಬತ್ತು ಜನರ ಆಸುಪಾಸು. ಪ್ರೆಸ್ ಆಪರೇಟರ್ ಒಬ್ಬರು, ವಯಸ್ಸು 34, ಬಲಗೈ ಬಳಸೋರು. ಏಳು ವಾರದ ಹಿಂದೆ ಬಲಗೈ ತೋರುಬೆರಳಿನ ತುದಿಗೆಣ್ಣು ಹೋಯಿತು. ನಡುಬೆರಳನ್ನ ಮಡಚೋ ಟೆಂಡನ್ ತುಂಡಾಗಿತ್ತು, ಅದನ್ನ ಹೊಲಿದಿದ್ದಾರೆ. ಇಎಸ್‌ಐನಲ್ಲಿ (ನೌಕರರ ಸರ್ಕಾರಿ ವಿಮೆ) ಚಿಕಿತ್ಸೆ ನಡೀತಿದೆ. ಮುಂದಿನ ತಿಂಗಳು ಕೆಲಸಕ್ಕೆ ಹೋಗಬಹುದು ಅಂತ ಡಾಕ್ಟರು ಬಾಯಲ್ಲಿ ಹೇಳಿದ್ದಾರೆ, ಚೀಟಿಯಲ್ಲಿ ಇರೋದು ‘ಲೈಟ್ ವರ್ಕ್’ ಅಂತ ಅಷ್ಟೇ. ಸೂಪರ್‌ವೈಸರ್ ಕೇಳಿದರೆ ‘ನಮ್ಮಲ್ಲಿ ಲೈಟ್ ವರ್ಕ್ ಎಲ್ಲಿದೆ ಸಾರ್’ ಅಂತಾರೆ.

ಇಂಥ ಪ್ರಕರಣಗಳನ್ನ ಇನ್ನು ಮುಂದೆ ನಾನೇ ನೋಡಿಕೊಳ್ಳಬೇಕಂತೆ. ಹಾಜರಿ, ಪಿಎಫ್, ಇಎಸ್‌ಐ ಬಿಟ್ಟರೆ ನನಗೆ ಬೇರೆ ತರಬೇತಿ ಇಲ್ಲ. ಮೊದಲು ಯಾವ ಕೌಶಲ ಕಲಿಯಬೇಕು? ವೈದ್ಯಕೀಯ ವಿಷಯ ಎಷ್ಟು ತಿಳಿದಿರಬೇಕು? ಇದಕ್ಕೆ ಕೋರ್ಸ್ ಏನಾದರೂ ಬೇಕಾ?

---

ಕೈ_ಥೆರಪಿ

ವೈದ್ಯಕೀಯ ಜ್ಞಾನ ನೀವಂದುಕೊಂಡಷ್ಟು ಬೇಕಾಗಿಲ್ಲ. ಮೊದಲು ಕಲಿಯಬೇಕಾದ್ದು ಒಂದು ಕೆಲಸವನ್ನು ಬಿಡಿಬಿಡಿಯಾಗಿ ಅಳೆಯುವುದನ್ನ. ಚೀಟಿ ಬರೆದ ಡಾಕ್ಟರು ನಿಮ್ಮ ಪ್ರೆಸ್ ನೋಡಿಲ್ಲ, ಪ್ರೆಸ್ ನೋಡಿರುವ ಸೂಪರ್‌ವೈಸರ್‌ಗೆ ಆ ಕೈಯೊಳಗೆ ಏನಾಗಿದೆ ಗೊತ್ತಿಲ್ಲ. ಇಬ್ಬರಿಗೂ ಅರ್ಥವಾಗುವುದು ಕೆಜಿ, ಸಲ, ಸೆಂಟಿಮೀಟರ್. ಆ ಅಂಕಿಗಳನ್ನು ತಂದುಕೊಡುವವರು ನೀವು.

ಬೇಕಾಗುವ ಸಾಮಾನು ಅಳತೆ ಟೇಪು, ಮೊಬೈಲ್‌ನ ಸ್ಟಾಪ್‌ವಾಚ್, ಲಗೇಜ್ ತೂಗುವ ಕೈತಕ್ಕಡಿ. ಈಗ ಆ ಪ್ರೆಸ್ ನಡೆಸುತ್ತಿರುವವರ ಪಕ್ಕ ಪಾಳಿಯ ಆರಂಭದಲ್ಲಿ ಅರ್ಧ ಗಂಟೆ, ಊಟದ ನಂತರ ಅರ್ಧ ಗಂಟೆ ನಿಂತು ಪ್ರತಿ ಚಲನೆಯನ್ನೂ ಬರೆದುಕೊಳ್ಳಿ. ಯಾವ ಕೈ, ಹಿಡಿತ ಹೇಗೆ (ಮುಷ್ಟಿಯಲ್ಲೋ, ಹೆಬ್ಬೆರಳು ತೋರುಬೆರಳ ಚಿವುಟಿನಲ್ಲೋ), ತೂಕ ಎಷ್ಟು, ಗಂಟೆಗೆ ಎಷ್ಟು ಸಲ, ನೆಲದಿಂದ ಎಷ್ಟು ಎತ್ತರ, ಮೈಯಿಂದ ಎಷ್ಟು ದೂರ. ಎಣ್ಣೆ, ಚೂಪು ಅಂಚು, ಕಂಪನ ಇದ್ದರೆ ಅದನ್ನೂ.

ಉದಾಹರಣೆಗೆ ಬ್ಲಾಂಕ್ (ಪ್ರೆಸ್‌ಗೆ ಹಾಕುವ ತಗಡಿನ ತುಂಡು) 120 ಗ್ರಾಂ, ಗಂಟೆಗೆ 300 ಸ್ಟ್ರೋಕ್ (ಪ್ರೆಸ್‌ನ ಏಟು), 150 ಪೀಸ್‌ಗೆ ತುಂಬುವ ಬಿನ್ ಅಂತಿಟ್ಟುಕೊಳ್ಳಿ. ಬ್ಲಾಂಕ್‌ನ ತೂಕ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಗಂಟೆಗೆ 300 ಸಲ ಚಿವುಟಿ ಎತ್ತಬೇಕು, ಅದು ತುಂಡಾದ ತುದಿಗೆ ಬೀಳುವ ಹೊರೆ. ಅರ್ಧ ಗಂಟೆಗೊಮ್ಮೆ 18 ಕೆಜಿ ಬಿನ್ ಎತ್ತಬೇಕು, ಅದು ಹೊಲಿದ ಟೆಂಡನ್‌ಗೆ ಬೀಳುವ ಹೊರೆ. ಮೊದಲನೆಯದಕ್ಕೆ ಮ್ಯಾಗ್ನೆಟ್ ಇರುವ ಎತ್ತುಗೋಲೋ ಇಕ್ಕಳವೋ ಸಾಕಾಗಬಹುದು. ಎರಡನೆಯದಕ್ಕೆ ಬಿನ್ ಅರ್ಧ ತುಂಬುವುದು, ಟ್ರಾಲಿ, ಅಥವಾ ಇನ್ನೊಂದು ಕೈ. ‘ಈ ಕೆಲಸ ಆಗಲ್ಲ’ ಅಂದುಕೊಂಡಿದ್ದರಲ್ಲಿ ನಿಜವಾಗಿ ಆಗದೆ ಇರುವುದು ಎರಡು ಚಲನೆ ಮಾತ್ರ ಅಂತ ಹೀಗೆ ಅಳೆದಾಗಲೇ ಕಾಣುವುದು.

ಈ ಗಾಯದ ಬಗ್ಗೆ ನಿಮಗೆ ಗೊತ್ತಿರಬೇಕಾದ್ದು ಇಷ್ಟು. ಹೊಲಿದ ಟೆಂಡನ್‌ಗೆ ಸಾಮಾನ್ಯವಾಗಿ ಮೊದಲ ಆರು ವಾರ ಸ್ಪ್ಲಿಂಟ್‌ನ (ಬೆರಳು ಅಲುಗದಂತೆ ಹಿಡಿಯುವ ಪಟ್ಟಿ) ಕಾವಲು, ಎಂಟನೇ ವಾರದ ಹೊತ್ತಿಗೆ ಹಗುರ ಬಳಕೆ. ಭಾರ ಎತ್ತುವುದು, ಬಲವಾಗಿ ಹಿಡಿಯುವುದು ಹನ್ನೆರಡು ವಾರ ದಾಟಿದ ಮೇಲೆ, ಅದೂ ಸರ್ಜನ್ ಒಪ್ಪಿದರೆ. ಕೈ ಚೆನ್ನಾಗಿದೆ ಅನ್ನಿಸಿ ಎಂಟು ಹತ್ತು ವಾರದಲ್ಲೇ ಬಿನ್ ಎತ್ತಿಬಿಡುತ್ತಾರೆ, ಹೊಲಿಗೆ ಕಿತ್ತುಹೋಗುತ್ತದೆ. ನಿನ್ನೆ ಮಡಚುತ್ತಿದ್ದ ಬೆರಳು ಇವತ್ತು ಇದ್ದಕ್ಕಿದ್ದಂತೆ ಮಡಚದಿದ್ದರೆ ಅದೇ ದಿನ ಆಸ್ಪತ್ರೆಗೆ ಕಳಿಸಿ, ಸೋಮವಾರದವರೆಗೆ ಕಾಯಬೇಡಿ.

ತುಂಡಾದ ತುದಿಯ ಸಮಸ್ಯೆ ಬೇರೆ. ಚರ್ಮ ಕೂಡಿದ ಮೇಲೂ ಮುಟ್ಟಿದರೆ ಶಾಕ್ ಹೊಡೆದಂತೆ ಆಗುತ್ತದೆ, ತಣ್ಣನೆ ಲೋಹ ತಾಗಿದರೆ ನೋವು. ಇದು ತಿಂಗಳುಗಟ್ಟಲೆ ಇರಬಹುದು, ನಾಟಕವಲ್ಲ. ಹತ್ತಿಯಿಂದ ಸವರುವುದು, ಆಮೇಲೆ ಒರಟು ಟವೆಲ್, ಆಮೇಲೆ ರಾಗಿಯೋ ಅಕ್ಕಿಯೋ ತುಂಬಿದ ಡಬ್ಬಿಯೊಳಗೆ ಬೆರಳು ಆಡಿಸುವುದು, ದಿನಕ್ಕೆ ಮೂರು ನಾಲ್ಕು ಸಲ ಐದೈದು ನಿಮಿಷ. ಕೆಲಸಕ್ಕೆ ಬಂದ ಮೇಲೂ ಇದು ನಡೆಯಬೇಕು, ಅದಕ್ಕೆ ಬಿಡುವು ಕೊಡಿ.

ಹಿಡಿತದ ಬಲವನ್ನು ಥೆರಪಿಸ್ಟ್ ಹತ್ತಿರ ಡೈನಮೋಮೀಟರ್‌ನಲ್ಲಿ ಅಳೆಸಿ: ಕೂತು, ಮೊಣಕೈ 90 ಡಿಗ್ರಿ, ಎರಡೂ ಕೈ, ಮೂರು ಮೂರು ಸಲ, ಸರಾಸರಿ. ಯಾವಾಗ ಅಳೆಯಬಹುದು ಅನ್ನುವುದೂ ಸರ್ಜನ್ ನಿರ್ಧಾರ, ಯಾಕೆಂದರೆ ಪೂರ್ತಿ ಬಲ ಹಾಕಿ ಹಿಂಡುವುದೇ ಆ ಪರೀಕ್ಷೆ.

ಕೋರ್ಸ್‌ಗಾಗಿ ಕಾಯಬೇಡಿ. ಆಕ್ಯುಪೇಶನಲ್ ಥೆರಪಿಸ್ಟ್ (ಗಾಯದ ನಂತರ ದಿನನಿತ್ಯದ ಕೆಲಸಕ್ಕೆ ಮರಳಿಸುವ ಚಿಕಿತ್ಸಕರು) ಒಬ್ಬರನ್ನು ಅರ್ಧ ದಿನ ಶಾಪ್‌ಗೆ ಕರೆಸಿ, ಜೊತೆಗೆ ನಡೆದು ಒಂದು ಕೆಲಸ ಅಳೆಯಿರಿ. ಎರಡನೆಯದನ್ನು ನೀವೇ ಅಳೆಯುತ್ತೀರಿ.

---

ಕಡತ_ಇಎಸ್‌ಐ

ಮೇಲಿನವರು ಹೇಳಿದ್ದು ಸರಿ. ಆದರೆ ಹಣದ ಲೆಕ್ಕ ತಪ್ಪಿದರೆ ಯಾವ ಯೋಜನೆಯೂ ಉಳಿಯುವುದಿಲ್ಲ. (ಕೆಳಗಿನ ಸೆಕ್ಷನ್, ಅನುಸೂಚಿ ಸಂಖ್ಯೆಗಳು 1948ರ ಇಎಸ್‌ಐ ಕಾಯ್ದೆಯವು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಲ್ಲಿದೆ, ಪತ್ರ ಬರೆಯುವಾಗ ಅದರ ಸಂಖ್ಯೆ ನೋಡಿ ಹಾಕಿ.)

ಕೆಲಸದಲ್ಲಿ ಆದ ಗಾಯಕ್ಕೆ ತಾತ್ಕಾಲಿಕ ಅಂಗವಿಕಲತೆಯ ಹಣ, ಅಂದರೆ ಟಿಡಿಬಿ, ಸರಾಸರಿ ದಿನಗೂಲಿಯ 90%. ಕಾಯಿಲೆ ರಜೆಯ ಹಾಗೆ 91 ದಿನದ ಮಿತಿ ಇದಕ್ಕಿಲ್ಲ, ಕೆಲಸ ಮಾಡಲಾಗದ ಸ್ಥಿತಿ ಇರುವವರೆಗೂ ಬರುತ್ತದೆ. ಆದರೆ ಸೆಕ್ಷನ್ 63ರ ಪ್ರಕಾರ ಕೆಲಸ ಮಾಡಿದ ದಿನಕ್ಕೆ ಟಿಡಿಬಿ ಇಲ್ಲ. ಅರ್ಧ ದಿನ ಕೆಲಸ, ಉಳಿದರ್ಧಕ್ಕೆ ಟಿಡಿಬಿ ಅನ್ನುವ ಏರ್ಪಾಡೇ ನಮ್ಮಲ್ಲಿಲ್ಲ. ‘ಸುಮ್ಮನೆ ಬಂದು ಎರಡು ಗಂಟೆ ಕೂತು ಹೋಗಲಿ, ಅಭ್ಯಾಸವಾಗಲಿ’ ಅಂತ ಫೈನಲ್ ಸರ್ಟಿಫಿಕೇಟ್‌ಗೆ (ಇನ್ನು ಕೆಲಸಕ್ಕೆ ಹೋಗಬಹುದು ಅಂತ ಇಎಸ್‌ಐ ಡಾಕ್ಟರು ಕೊಡುವ ಕೊನೆಯ ಚೀಟಿ) ಮೊದಲೇ ಕರೆಸಿಕೊಳ್ಳುವವರು ಇಲ್ಲೇ ಸಿಕ್ಕಿಬೀಳುವುದು. ಹಾಜರಿ ಪುಸ್ತಕದಲ್ಲಿ ಹೆಸರು, ಇಎಸ್‌ಐನಲ್ಲಿ ಟಿಡಿಬಿ, ಎರಡೂ ಒಂದೇ ತಾರೀಖಿಗೆ ಕಂಡರೆ ಹಣ ವಾಪಸ್ ಕಟ್ಟಬೇಕಾದವರು ಆ ಕೆಲಸಗಾರರು.

ಆದ್ದರಿಂದ ಹಂತಹಂತದ ವಾಪಸಾತಿ ನಿಮ್ಮಲ್ಲಿ ಶುರುವಾಗುವುದು ಫೈನಲ್ ಸರ್ಟಿಫಿಕೇಟ್‌ನಲ್ಲಿರುವ ತಾರೀಖಿನಿಂದ, ಪೂರ್ತಿ ಸಂಬಳ ಕಂಪನಿಯದೇ. ಮಾಲೀಕರಿಗೆ ಇದನ್ನು ಮೊದಲೇ ಹೇಳಿ ಒಪ್ಪಿಸಿಕೊಳ್ಳುವುದೂ ನಿಮ್ಮ ಕೌಶಲದೊಳಗೇ ಬರುತ್ತದೆ. ನಾಲ್ಕಾರು ವಾರ ಸ್ವಲ್ಪ ಕಡಿಮೆ ಉತ್ಪಾದನೆಗೆ ಪೂರ್ತಿ ಸಂಬಳ ಅನ್ನುವುದು ಒಂದು ಕಡೆ, ಪಳಗಿದ ಆಪರೇಟರ್‌ನನ್ನು ಬಿಟ್ಟು ಹೊಸಬರನ್ನು ತಯಾರು ಮಾಡುವ ಖರ್ಚು ಇನ್ನೊಂದು ಕಡೆ. ನಿಮ್ಮದೇ ಅಂಕಿ ಹಾಕಿ ಪಕ್ಕಪಕ್ಕ ಇಟ್ಟು ತೋರಿಸಿ.

ಟಿಡಿಬಿ ಪಡೆಯುತ್ತಿರುವ ಅವಧಿಯಲ್ಲಿ ಕೆಲಸದಿಂದ ತೆಗೆಯುವುದು, ದರ್ಜೆ ಇಳಿಸುವುದು, ಶಿಕ್ಷಿಸುವುದು ಸೆಕ್ಷನ್ 73ರ ಪ್ರಕಾರ ಆಗದು.

ಇನ್ನೊಂದು ಭಯ ಬಹಳ ಸಲ ಬಾಯಿಬಿಟ್ಟು ಹೇಳದೆ ಉಳಿಯುತ್ತದೆ: ‘ಬೇಗ ಕೆಲಸಕ್ಕೆ ಹೋದರೆ ಮೆಡಿಕಲ್ ಬೋರ್ಡ್ ಕಡಿಮೆ ಪರ್ಸೆಂಟ್ ಕೊಡುತ್ತದೆ’. (ಪರ್ಸೆಂಟ್ ಅಂದರೆ ದುಡಿಯುವ ಶಕ್ತಿ ಶಾಶ್ವತವಾಗಿ ಎಷ್ಟು ಹೋಯಿತು ಅನ್ನುವ ಅಳತೆ.) ತೋರುಬೆರಳಿನ ಒಂದು ಗೆಣ್ಣು ಹೋದರೆ 9% ಅಂತ ಕಾಯ್ದೆಯ ಎರಡನೇ ಅನುಸೂಚಿಯಲ್ಲೇ ಅಚ್ಚಾಗಿದೆ, ಎರಡು ಗೆಣ್ಣಿಗೆ 11%, ಇಡೀ ಬೆರಳಿಗೆ 14%. ಕೆಲಸಕ್ಕೆ ಹೋದರೂ ಹೋಗದಿದ್ದರೂ ಆ 9 ಬದಲಾಗದು. ನಡುಬೆರಳಿನ ಬಿಗಿತ ಅನುಸೂಚಿಯಲ್ಲಿ ಇಲ್ಲ, ಅದನ್ನು ಬೋರ್ಡ್ ಪರೀಕ್ಷಿಸಿ ನಿರ್ಧರಿಸುತ್ತದೆ. ಶಾಶ್ವತ ಅಂಗವಿಕಲತೆಯ ಹಣ ಮತ್ತೆ ಸಂಬಳ ದುಡಿಯುತ್ತಿದ್ದರೂ ನಿಲ್ಲುವುದಿಲ್ಲ. ಇಷ್ಟನ್ನು ಅವರಿಗೂ ಮನೆಯವರಿಗೂ ಬಿಡಿಸಿ ಹೇಳಿದರೆ ಅರ್ಧ ಹಿಂಜರಿಕೆ ಕರಗುತ್ತದೆ.

ಅಪಘಾತದ ವರದಿ ಆನ್‌ಲೈನ್‌ನಲ್ಲಿ ಸರಿಯಾಗಿ ಹೋಗಿದೆಯೇ, ಕೆಲಸದ ಗಾಯ ಅಂತ ಶಾಖಾ ಕಚೇರಿ ಒಪ್ಪಿದೆಯೇ ಅಂತ ಇವತ್ತೇ ನೋಡಿಕೊಳ್ಳಿ. ಅದು ಬಾಕಿ ಇದ್ದರೆ ಮಿಕ್ಕ ಮಾತೆಲ್ಲ ಆಮೇಲೆ.

---

ಟೂಲ್‌ರೂಮ್_ಮೇಸ್ತ್ರಿ

‘ಲೈಟ್ ವರ್ಕ್ ಇಲ್ಲ’ ಅನ್ನೋ ಸೂಪರ್‌ವೈಸರ್ ಸುಳ್ಳು ಹೇಳ್ತಿಲ್ಲ. ಎಂಟು ಗಂಟೆ ತುಂಬೋ ಒಂದು ಹಗುರ ಹುದ್ದೆ ಯಾವ ಪ್ರೆಸ್ ಶಾಪ್‌ನಲ್ಲೂ ಇರಲ್ಲ. ಇರೋದು ಚೂರುಪಾರು. ಗೋ ನೋ-ಗೋ ಗೇಜ್ (ಪೀಸಿನ ಅಳತೆ ಸರಿ ಇದೆಯಾ ಅಂತ ಹೇಳೋ ಮಾಪಕ) ಹಾಕಿ ನೋಡೋದು, ಫಸ್ಟ್ ಪೀಸ್ ರಿಪೋರ್ಟು, ಬಿನ್ ಟ್ಯಾಗು, ರಿಜೆಕ್ಷನ್ ಲೆಕ್ಕ, ಟೂಲ್ ಕ್ರಿಬ್‌ನಲ್ಲಿ (ಉಪಕರಣದ ಉಗ್ರಾಣ) ಇಶ್ಯೂ ರಿಜಿಸ್ಟರು, ಡೈ (ಪ್ರೆಸ್‌ನ ಅಚ್ಚು) ಕಟ್ಟೋವಾಗ ಚೆಕ್‌ಲಿಸ್ಟ್ ಹಿಡಿಯೋದು, ಹೊಸ ಹುಡುಗರಿಗೆ ತೋರಿಸಿಕೊಡೋದು. ಇಂಥವನ್ನ ಹೆಕ್ಕಿ ಒಂದು ಪಾಳಿಗೆ ಹೊಲೀಬೇಕು. ಸೂಪರ್‌ವೈಸರ್‌ನ ‘ಲೈಟ್ ವರ್ಕ್ ಇದೆಯಾ’ ಅಂತ ಕೇಳಬೇಡಿ, ‘ಒಂದು ಕೆಜಿ ಮೀರದೆ, ಚಿವುಟದೆ ಮಾಡೋ ಕೆಲಸ ಈ ಪಾಳೀಲಿ ಏನೇನಿದೆ, ತಲಾ ಎಷ್ಟು ಹೊತ್ತು’ ಅಂತ ಕೇಳಿ. ಪಟ್ಟಿ ತಾನಾಗೇ ಬರುತ್ತೆ.

ಗೇಟಿನ ಹತ್ತಿರ ಕುರ್ಚಿ ಹಾಕಿ ಕೂರಿಸೋದು ಮಾತ್ರ ಬೇಡ. ಮೂರು ದಿನಕ್ಕೆ ಬೇಜಾರು, ಒಂದು ವಾರಕ್ಕೆ ಅವಮಾನ, ಆಮೇಲೆ ಗೈರುಹಾಜರಿ.

ಜೊತೆಯವರ ವಿಷಯ ಎಲ್ಲರೂ ಮರೀತಾರೆ. ಆ ಲೈನಿನ ಟಾರ್ಗೆಟ್ ಆರು ಜನಕ್ಕೆ ಅಂತಿದ್ದರೆ, ವಾಪಸ್ ಬಂದವರನ್ನ ಆರನೆಯವರು ಅಂತ ಎಣಿಸಿದ ದಿನವೇ ಜಗಳ ಶುರು. ಮೊದಲ ನಾಲ್ಕು ವಾರ ಅವರು ಲೆಕ್ಕಕ್ಕೆ ಹೊರಗೆ, ಐದು ಜನರ ಟಾರ್ಗೆಟ್. ಬಿನ್ ಎತ್ತಿಕೊಡೋರು ಯಾರು ಅಂತ ಹೆಸರು ಹಾಕಿ ಹೇಳಿ, ‘ಯಾರಾದರೂ ಎತ್ತಿಕೊಡಿ’ ಅಂದ್ರೆ ಯಾರೂ ಎತ್ತಲ್ಲ, ಪಾಪ ಅವನೇ ಎತ್ತಿಬಿಡ್ತಾನೆ. ಇನ್ಸೆಂಟಿವ್ ಪೀಸ್ ಮೇಲಿದ್ದರೆ ಅದು ಎಷ್ಟು ಕಡಿಮೆಯಾಗುತ್ತೆ, ತುಂಬಿಕೊಡ್ತೀರಾ ಇಲ್ವಾ ಅಂತ ಮೊದಲೇ ಹೇಳಿಬಿಡಿ. ಸಂಬಳದ ದಿನ ಗೊತ್ತಾಗೋ ಹಾಗೆ ಮಾಡಬೇಡಿ.

---

ಪೀಣ್ಯ_ಪರ್ಸನಲ್

ಇವತ್ತು ಸೂಪರ್‌ವೈಸರ್ ಜೊತೆ ಕೂತು ಪಟ್ಟಿ ಮಾಡಿದ್ವಿ. ಗೇಜ್ ಹಾಕೋದು ಎರಡೂವರೆ ಗಂಟೆ, ಟ್ಯಾಗ್ ಮತ್ತೆ ರಿಜಿಸ್ಟರ್ ಒಂದೂವರೆ, ಡೈ ಚೆಕ್‌ಲಿಸ್ಟ್ ಒಂದು. ಉಳಿದ ಮೂರು ಗಂಟೆಗೆ ಡೀಬರಿಂಗ್ (ಪೀಸಿನ ಅಂಚಿನ ಮುಳ್ಳು ತೆಗೆಯೋದು), ಇಲ್ಲಾಂದ್ರೆ ಡ್ರಿಲ್ ಮಷೀನ್ ಕೊಡೋಣ, ಕೈಗೆ ಗ್ಲೌಸ್ ಹಾಕಿಸಿ ಅಂತ ಅವರ ಸಲಹೆ. ಆಗಬಹುದಾ?

---

ಕೈ_ಥೆರಪಿ

ಎರಡೂ ಬೇಡ. ಅರ ಹಿಡಿದು ಬರ್ ತೆಗೆಯುವುದು ನೋಡಲು ಹಗುರ, ಆದರೆ ಇಡೀ ಹೊತ್ತು ಹೆಬ್ಬೆರಳು ತೋರುಬೆರಳ ಚಿವುಟು, ಜೊತೆಗೆ ಚೂಪು ಅಂಚು. ಆ ತುದಿಗೆ ಅಂಚು ತಾಗಿದ್ದೂ ಸರಿಯಾಗಿ ತಿಳಿಯದಿರಬಹುದು. ಬೆಂಚ್ ಗ್ರೈಂಡರ್ ಆದರೆ ಕಂಪನವೂ ಸೇರುತ್ತದೆ. ಡ್ರಿಲ್ ಮಷೀನ್‌ನಲ್ಲಿ ಗ್ಲೌಸ್ ಅಂತೂ ಯಾವ ಕೈಗೂ ಕೂಡದು, ತಿರುಗುವ ಬಿಟ್ ಗ್ಲೌಸ್ ಹಿಡಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಗಾಯದ ಕೈಗೆ ರಕ್ಷಣೆ ಅಂತ ಮಾಡಹೋಗಿ ಎರಡನೇ ಅಪಘಾತವಾಗುವ ದಾರಿ ಇದು.

ಆ ಮೂರು ಗಂಟೆಗೆ ಹೊಸಬರ ತರಬೇತಿ, ರಿಜೆಕ್ಷನ್ ವಿಂಗಡಣೆ ಸೇರಿಸಿ. ರಿಜಿಸ್ಟರ್ ಬರೆಯಲು ಸಾಮಾನ್ಯ ಪೆನ್ ಹಿಡಿಯುವುದು ಕಷ್ಟ, ಪೆನ್ನಿಗೆ ಸೈಕಲ್ ಹಿಡಿಕೆಯ ರಬ್ಬರೋ ದಪ್ಪಗೆ ಸುತ್ತಿದ ಬಟ್ಟೆಯೋ ಹಾಕಿದರೆ ನಡುಬೆರಳ ಮೇಲೂ ಒತ್ತಡ ಕಡಿಮೆ. ಗಂಟೆಗೊಮ್ಮೆ ಐದು ನಿಮಿಷ ಕೈಯನ್ನು ಎದೆಗಿಂತ ಎತ್ತರಕ್ಕೆ ಎತ್ತಿ ಬೆರಳು ಮಡಚಿ ಬಿಡಿಸಬೇಕು. ಇಡೀ ದಿನ ಕೈ ಜೋತುಬಿದ್ದರೆ ಊದುತ್ತದೆ, ಊದಿದ ಕೈ ಬಿಗಿಯುತ್ತದೆ. ಸಂಜೆಯ ಊತ ಬೆಳಗ್ಗೆಗೂ ಇಳಿಯದಿದ್ದರೆ ಹೊರೆ ಹೆಚ್ಚಾಗಿದೆ ಅಂತ ಲೆಕ್ಕ, ಹಿಂದಿನ ವಾರದ ಮಟ್ಟಕ್ಕೆ ಇಳಿಸಿ.

---

ಮೆಲ್ಬರ್ನ್_ಕನ್ನಡಿಗ

ಹೋಲಿಕೆಗೆ ಮಾತ್ರ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಈ ಹೊಣೆಗೆ ರಿಟರ್ನ್ ಟು ವರ್ಕ್ ಕೋಆರ್ಡಿನೇಟರ್ ಅಂತ ಕಾನೂನಿನಲ್ಲೇ ಹೆಸರಿದೆ. ಅವರು ಸಂಸ್ಥೆಯಲ್ಲಿ ತಕ್ಕ ಹಿರಿತನದವರಾಗಿರಬೇಕು, ಕಾನೂನು ಬಲ್ಲವರಾಗಿರಬೇಕು ಅನ್ನುವುದು ಷರತ್ತು. ಉತ್ಪಾದನಾ ಮ್ಯಾನೇಜರ್‌ಗೆ ‘ಇಲ್ಲ’ ಅನ್ನಲು ಆಗದವರನ್ನು ಅಲ್ಲಿ ಕೂರಿಸಿ ಪ್ರಯೋಜನವಿಲ್ಲ. ಅಂಥ ಅಧಿಕಾರ ನಿಮಗಿದೆಯೇ ಅಂತ ಮಾಲೀಕರ ಹತ್ತಿರ ಬರವಣಿಗೆಯಲ್ಲಿ ಪಡೆಯಿರಿ. ಇಲ್ಲಿ ಮಾಲೀಕರು 52 ವಾರಗಳ ಮಟ್ಟಿಗೆ ಹೊಂದುವ ಕೆಲಸ ಒದಗಿಸಬೇಕು.

ನಿಮಗೆ ಉಪಯೋಗವಾಗುವುದು ಇಲ್ಲಿನ ಡಾಕ್ಟರ ಸರ್ಟಿಫಿಕೇಟ್‌ನ ಮಾದರಿ. ಕೂರುವುದು, ನಿಲ್ಲುವುದು, ಬಾಗುವುದು, ಭುಜಕ್ಕಿಂತ ಮೇಲೆ ಕೈ ಚಾಚುವುದು, ಗಾಯದ ಕೈ ಬಳಸುವುದು, ಭಾರ ಎತ್ತುವುದು. ಪ್ರತಿಯೊಂದರ ಮುಂದೆ ‘ಆಗುತ್ತದೆ’, ‘ಬದಲಾವಣೆಯೊಂದಿಗೆ ಆಗುತ್ತದೆ’, ‘ಆಗದು’ ಅಂತ ಟಿಕ್. ಗಮನ, ನೆನಪು, ನಿರ್ಧಾರ ಇವಕ್ಕೂ ಸಾಲುಗಳಿವೆ. ಹೊರರೋಗಿ ವಿಭಾಗದ ಸಾಲಿನಲ್ಲಿ ಡಾಕ್ಟರಿಗೆ ಸಿಗುವುದು ಎರಡು ನಿಮಿಷ. ಒಂದು ಪುಟದ ಇಂಥ ಹಾಳೆಯ ಜೊತೆ ನೀವು ಅಳೆದ ಕೆಲಸದ ಅಂಕಿ ಲಗತ್ತಿಸಿ ಕೆಲಸಗಾರರ ಕೈಯಲ್ಲೇ ಕಳಿಸಿದರೆ ಟಿಕ್ ಹಾಕಿ ಕೊಡುತ್ತಾರೆ. ರೋಗದ ವಿವರ ಕೇಳಬೇಡಿ, ಏನು ಆಗುತ್ತದೆ, ಏನು ಆಗದು, ಎಲ್ಲಿಯವರೆಗೆ ಅನ್ನುವುದನ್ನಷ್ಟೇ ಕೇಳಿ. ಹಾಳೆ ಕಳಿಸಲು ಅವರ ಒಪ್ಪಿಗೆಯ ಸಹಿ ಇರಲಿ.

---

ಗಾರ್ಡ್_ಹಾಕ್ರಪ್ಪ

ಯಾರೂ ಪ್ರೆಸ್ ಬಗ್ಗೆ ಕೇಳಲಿಲ್ಲ. ಅದೇ ಪ್ರೆಸ್‌ಗೆ ಅವರನ್ನ ವಾಪಸ್ ಹಾಕೋ ಯೋಚನೆ ಇದ್ದರೆ ಮೊದಲು ಇದು: ಪ್ರೆಸ್‌ಗೆ ಏಟು ಕೊಡಿಸೋ ಕ್ಲಚ್ ಪಿನ್ ಕ್ಲಚ್ಚಾ, ನಡುವೆ ನಿಲ್ಲಿಸಬಹುದಾದ ಫ್ರಿಕ್ಷನ್ ಕ್ಲಚ್ಚಾ? ಪಿನ್ ಕ್ಲಚ್ ಒಮ್ಮೆ ಹಿಡೀತು ಅಂದ್ರೆ ಒಂದು ಸುತ್ತು ಮುಗಿಯೋವರೆಗೂ ನಿಲ್ಲಲ್ಲ. ಅದಕ್ಕೆ ಲೈಟ್ ಕರ್ಟನ್ (ಕೈ ಅಡ್ಡ ಬಂದರೆ ಮಷೀನ್ ನಿಲ್ಲಿಸೋ ಬೆಳಕಿನ ತೆರೆ) ಹಾಕಿದರೂ ಅಷ್ಟೆ, ಬಿಟ್ಟರೂ ಅಷ್ಟೆ. ಡೈ ಸುತ್ತ ಬೆರಳು ತೂರದ ಫಿಕ್ಸೆಡ್ ಗಾರ್ಡೇ ಬೇಕು, ಬ್ಲಾಂಕ್ ಒಳಗೆ ಹೋಗೋಕೆ ಸ್ಲೈಡೋ ಚ್ಯೂಟೋ.

ಫ್ರಿಕ್ಷನ್ ಕ್ಲಚ್ ಆದರೆ ಎರಡು ಕೈ ಬಟನ್. ಎರಡನ್ನೂ ಅರ್ಧ ಸೆಕೆಂಡಿನೊಳಗೆ ಒತ್ತಿದರೆ ಮಾತ್ರ ಸ್ಟ್ರೋಕ್, ಒಂದನ್ನ ಟೇಪ್ ಹಾಕಿ ಕಟ್ಟಿದರೆ ಓಡಬಾರದು. ಬಟನ್‌ನಿಂದ ಡೈಗೆ ದೂರ ಎಷ್ಟಿರಬೇಕು ಅಂದ್ರೆ, ನಿಲ್ಲೋಕೆ ಹಿಡಿಯೋ ಸೆಕೆಂಡನ್ನ 1600ರಿಂದ ಗುಣಿಸಿ 250 ಕೂಡಿಸಿ, ಬರೋದು ಮಿಲಿಮೀಟರ್. 0.2 ಸೆಕೆಂಡಿಗೆ 570 ಮಿಮೀ. ಬ್ರೇಕ್ ಲೈನರ್ ಸವೆದಂತೆ ಆ 0.2 ಏರುತ್ತೆ, ದೂರ ಮಾತ್ರ ಹಾಗೇ ಇರುತ್ತೆ. ಕಂಟ್ರೋಲ್ ಸರ್ಕ್ಯೂಟಿನ ಸಮಯವೂ ಸೇರೋ ಹಾಗೆ ಸ್ಟಾಪ್ ಟೈಮ್ ಮೀಟರಿಂದ ಅಳೆಸಿ. ಇದನ್ನ ಸರಿಮಾಡದೆ ಅವರನ್ನ ಬೇರೆ ಮಷೀನ್‌ಗೆ ಹಾಕಿ, ಆ ಪ್ರೆಸ್‌ಗೆ ಇನ್ನೊಬ್ಬರನ್ನ ನಿಲ್ಲಿಸೋದು ಅಂದ್ರೆ ಇನ್ನೊಂದು ಕೈ ಕೊಟ್ಟ ಹಾಗೆ.

---

ಪೀಣ್ಯ_ಪರ್ಸನಲ್

ಪಿನ್ ಕ್ಲಚ್. ಗಾರ್ಡ್ ಡ್ರಾಯಿಂಗ್ ಟೂಲ್‌ರೂಮ್‌ಗೆ ಕೊಟ್ಟಿದ್ದೀನಿ, ಅಲ್ಲೀವರೆಗೆ ಪ್ರೆಸ್ ನಿಂತಿರುತ್ತೆ. ಕೊನೇ ಎರಡು ಪ್ರಶ್ನೆ. ಅವರಿಗೆ ಫೋನ್ ಮಾಡಿ ಏನು ಮಾತಾಡಬೇಕು? ಇದುವರೆಗೆ ಬರೀ ಪೇಪರ್ ಕೇಳೋಕೆ ಮಾಡಿದ್ದು. ಮತ್ತೆ, ಪ್ರೆಸ್ ಸದ್ದು ಕೇಳಿದರೆ ಬೆವರು ಬರುತ್ತೆ ಅಂತ ಅವರ ತಮ್ಮ ಹೇಳಿದರು, ಅದಕ್ಕೇನು?

---

ಕೈ_ಥೆರಪಿ

ಮೊದಲ ಫೋನ್ ಮೊದಲ ವಾರದಲ್ಲೇ ಆಗಬೇಕಿತ್ತು, ಈಗಲೂ ತಡವಲ್ಲ. ಅಪಘಾತದ ವಿಚಾರಣೆ ಮಾಡಿದವರು ಈ ಫೋನ್ ಮಾಡಬಾರದು, ತಪ್ಪು ಹುಡುಕುತ್ತಿದ್ದಾರೆ ಅನ್ನಿಸಿದರೆ ಅವರು ಬಾಯಿ ಬಿಡುವುದಿಲ್ಲ. ‘ಯಾವಾಗ ಬರ್ತೀರಿ’ ಅಂತ ಶುರು ಮಾಡಬೇಡಿ. ನೋವು ಹೇಗಿದೆ, ರಾತ್ರಿ ನಿದ್ದೆ ಬರುತ್ತಿದೆಯಾ, ಥೆರಪಿಗೆ ಹೋಗಿಬರಲು ಬಸ್ಸು ಹೇಗೆ, ಇಎಸ್‌ಐ ದುಡ್ಡು ಖಾತೆಗೆ ಬಿತ್ತಾ. ಈ ನಾಲ್ಕು ಕೇಳಿ ಸುಮ್ಮನಿರಿ, ಅವರು ಮಾತಾಡಲಿ. ಅನ್ನ ಕಲಸುವುದು, ಅಂಗಿ ಗುಂಡಿ ಹಾಕುವುದು, ಗಾಡಿ ಬ್ರೇಕ್ ಹಿಡಿಯುವುದು ಆಗುತ್ತಿದೆಯಾ ಅಂತ ಕೇಳಿದರೆ ಕೈ ಎಲ್ಲಿಗೆ ಬಂದಿದೆ ಅಂತ ಡಾಕ್ಟರ ಚೀಟಿಗಿಂತ ಚೆನ್ನಾಗಿ ತಿಳಿಯುತ್ತದೆ. ಅವರ ಭಾಷೆ ಹಿಂದಿಯೋ ಒಡಿಯಾವೋ ಆಗಿದ್ದರೆ ಆ ಭಾಷೆಯವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಆದರೆ ಅವರ ಸೂಪರ್‌ವೈಸರ್‌ನನ್ನಲ್ಲ.

ಬೆವರುವುದು ಇಂಥ ಅಪಘಾತದ ನಂತರ ಸಹಜ. ಪಾಳಿ ಇಲ್ಲದ ಹೊತ್ತಿನಲ್ಲಿ, ಪ್ರೆಸ್ ನಿಂತಿರುವಾಗ ಒಮ್ಮೆ ಒಳಗೆ ನಡೆದು ಬರಲಿ. ಅದು ಹಾಜರಿಯಲ್ಲ ಅಂತ ಸೆಕ್ಯುರಿಟಿ ಪುಸ್ತಕದಲ್ಲಿ ಸಂದರ್ಶಕರ ಸಾಲಿನಲ್ಲೇ ಬರೆಸಿ. ಆಮೇಲೆ ದೂರದಿಂದ ಓಡುವುದನ್ನು ನೋಡುವುದು, ಆಮೇಲೆ ಹತ್ತಿರ. ಒಂದು ಮೆಟ್ಟಿಲಲ್ಲಿ ಗಾಬರಿ ಇಳಿದ ಮೇಲೆ ಮುಂದಿನದು, ತಾರೀಖು ನೋಡಿ ಅಲ್ಲ. ಒಂದು ತಿಂಗಳು ದಾಟಿದರೂ ಅದೇ ದೃಶ್ಯ ಕನಸಿನಲ್ಲಿ ಮರುಕಳಿಸುವುದು, ನಿದ್ದೆಗೆಡುವುದು, ಫ್ಯಾಕ್ಟರಿಯ ಮಾತೆತ್ತಿದರೆ ಎದ್ದು ಹೋಗುವುದು ಇದ್ದರೆ ಅದು ನಿಮ್ಮ ಕೈಯಲ್ಲಿ ಆಗುವ ಕೆಲಸವಲ್ಲ. ಮನೋವೈದ್ಯರ ಹತ್ತಿರ ಕಳಿಸಿ. ಟೆಲಿ ಮಾನಸ್ 14416ಕ್ಕೆ ಅವರೇ ಫೋನ್ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ. ಇವರಿಗೆ ಏಳು ವಾರ ಆಗಿದೆ, ಆದ್ದರಿಂದ ನಿದ್ದೆಯ ಪ್ರಶ್ನೆಯನ್ನು ಈ ಫೋನ್‌ನಲ್ಲೇ ಕೇಳಿ.

---

ಕಡತ_ಇಎಸ್‌ಐ

ಯೋಜನೆ ಒಂದೇ ಪುಟದಲ್ಲಿರಲಿ, ಕೆಲಸಗಾರರು, ಸೂಪರ್‌ವೈಸರ್, ನೀವು ಮೂವರ ಸಹಿ. ಆರಂಭದ ತಾರೀಖು ಫೈನಲ್ ಸರ್ಟಿಫಿಕೇಟ್‌ನದೇ. ವಾರವಾರ ಏನು ಸೇರುತ್ತದೆ, ಏನು ಇನ್ನೂ ನಿಷಿದ್ಧ, ಪರಿಶೀಲನೆ ಯಾವ ವಾರ, ಮುಗಿಯುವ ತಾರೀಖು ಯಾವುದು, ಎಲ್ಲವೂ ಕಾಣಬೇಕು. ಮುಗಿಯುವ ತಾರೀಖು ಬರೆಯದಿದ್ದರೆ ಆ ಹಗುರ ಕೆಲಸವೇ ಅವರ ಕಾಯಂ ಹುದ್ದೆಯಾಗುತ್ತದೆ, ಬಡ್ತಿ ಇನ್ಸೆಂಟಿವ್ ಎರಡೂ ಹೋಗುತ್ತವೆ. ನಡುವೆ ಕೈ ಮತ್ತೆ ಕೆಟ್ಟರೆ ರಜೆ ಹಾಕಿಸಿ ಮನೆಗೆ ಕಳಿಸಬೇಡಿ, ಅದೇ ಇಎಸ್‌ಐ ಡಾಕ್ಟರ ಹತ್ತಿರ ಕಳಿಸಿ ಹಳೆಯ ಗಾಯವೇ ಮರುಕಳಿಸಿದೆ ಅಂತ ದಾಖಲಾಗುವಂತೆ ನೋಡಿಕೊಳ್ಳಿ. ಬರೀ ರಜೆ ಅಂತ ಹೋದರೆ ಆ ದಿನಗಳು ಅಪಘಾತದ ಕಡತಕ್ಕೆ ಸೇರುವುದೇ ಇಲ್ಲ.